ಹಾಸಿಗೆ ಹಿಡಿದವರನ್ನು ನಾಯಿ ಎಬ್ಬಿಸೀತೇ?

ಕೃಷಿಕರ ಮನೆಯ ನಾಯಿಗೆ ಮೂರು ಕೆಲಸ. ರಾತ್ರಿ ಹಂದಿ ಬಂದರೆ ಬೊಗಳಬೇಕು. ಹಗಲು ಮಂಗ ಬಂದರೆ ಓಡಿಸಬೇಕು. ಗುರುತಿಲ್ಲದವರು ಬಂದರೆ ತಡಮೆಯ ಹತ್ತಿರವೇ ತಡೆಯಬೇಕು. ಈ ಮೂರರಲ್ಲಿ ಒಂದನ್ನೂ ಮಾಡದ ನಾಯಿಗೆ ನಮ್ಮಲ್ಲಿ 'ದಂಡಪಿಂಡ' ಎಂದು ಹೆಸರು. ಯಾರು ಬಂದರೂ ಬಾಲ ಆಡಿಸುತ್ತದೆ. ಮಕ್ಕಳು ಕಿವಿ ಎಳೆದರೂ ಸುಮ್ಮನಿರುತ್ತದೆ. ಮಂಗ ಎಳನೀರು ಕುಡಿದು ಬುರುಡೆ ಕೆಳಗೆ ಎಸೆದರೂ ಒಂದು ಕಣ್ಣು ತೆರೆದು ನೋಡಿ ಮತ್ತೆ ಮಲಗುತ್ತದೆ.

ಈ ಬಾರಿ ನಾನು ಬರೆಯುತ್ತಿರುವುದು ಇಂಥ ದಂಡಪಿಂಡ ನಾಯಿಯ ಪರವಾಗಿ.

ನಗಬೇಡಿ. ಹಲವು ದೇಶಗಳಲ್ಲಿ ಇಂಥದೇ ಸ್ವಭಾವದ ನಾಯಿಗಳನ್ನು ಹುಡುಕಿ, ಪರೀಕ್ಷೆ ಮಾಡಿ, ಸ್ನಾನ ಮಾಡಿಸಿ ಆಸ್ಪತ್ರೆಯ ಒಳಗೆ ಕರೆದೊಯ್ಯುತ್ತಾರೆ. ಪಕ್ಷವಾತವಾದವರು, ಸೊಂಟ ಮುರಿದವರು, ವಾರಗಟ್ಟಲೆ ಮಲಗಿ ಕಾಲಿನ ಬಲ ಕಳಕೊಂಡವರು ಮತ್ತೆ ಎದ್ದು ನಡೆಯಲಿ ಎಂದು ಅವರ ಜೊತೆ ಬಿಡುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಥೆರಪಿ ಡಾಗ್ ಎನ್ನುತ್ತಾರೆ. ನಾವು ಶುಶ್ರೂಷೆಯ ನಾಯಿ ಎನ್ನೋಣ. ಕುರುಡರಿಗೆ ದಾರಿ ತೋರಿಸುವ ನಾಯಿ ಬೇರೆ. ಅದು ಒಬ್ಬರದೇ ನಾಯಿ, ವರ್ಷಗಟ್ಟಲೆ ತರಬೇತಿ ಪಡೆದದ್ದು. ಶುಶ್ರೂಷೆಯ ನಾಯಿಗೆ ದೊಡ್ಡ ವಿದ್ಯೆ ಬೇಡ. ಹೇಳಿದಾಗ ಕೂರಬೇಕು, ಯಾರ ಮೇಲೂ ಹಾರಬಾರದು, ಪಾತ್ರೆ ಬಿದ್ದ ಸದ್ದಿಗೆ ಬೆದರಬಾರದು. ನೋವಾದರೂ ಕಚ್ಚಲು ಹೋಗದಷ್ಟು ತಾಳ್ಮೆ ಇರಬೇಕು. ಜೊತೆಗೆ ಅದರ ಯಜಮಾನ ಇರಲೇಬೇಕು.

ಕೃಷಿ ಪತ್ರಿಕೆಯಲ್ಲಿ ಇದೆಲ್ಲ ಯಾಕೆ ಎಂದು ಕೇಳಬಹುದು. ಕೈಕಾಲು ಮುರಿದುಕೊಳ್ಳುವುದರಲ್ಲಿ ನಮ್ಮ ಕಸುಬು ಯಾವುದಕ್ಕೂ ಕಡಿಮೆ ಇಲ್ಲ. ಅಡಿಕೆ ಮರದಿಂದ ಬೀಳುತ್ತೇವೆ, ತೆಂಗಿನಿಂದ ಬೀಳುತ್ತೇವೆ. ಪಾಚಿ ಕಟ್ಟಿದ ಸಂಕದಲ್ಲಿ ಜಾರುತ್ತೇವೆ. ಟಿಲ್ಲರಿನ ಹಿಡಿ ಎದೆಗೆ ಬಡಿಯುತ್ತದೆ. ಅರುವತ್ತು ದಾಟಿದ ಮೇಲೆ ಬಿ.ಪಿ. ಮಾತ್ರೆ ಬಿಟ್ಟುಬಿಟ್ಟು ಒಂದು ಬೆಳಿಗ್ಗೆ ಬಲಗೈ ಏಳುವುದಿಲ್ಲ. ಆಪರೇಶನ್, ಐ.ಸಿ.ಯು. ಎಂದರೆ ಸಾಲ ಮಾಡಿಯಾದರೂ ಮಾಡಿಸುತ್ತೇವೆ. ನಾವು ಸೋಲುವುದು ಅದರ ನಂತರ, ಮನೆಗೆ ಬಂದ ಮೇಲಿನ ಆರು ತಿಂಗಳಲ್ಲಿ.

ಮನೆಗೆ ಬರುವಾಗ ಆಸ್ಪತ್ರೆಯವರು ವ್ಯಾಯಾಮದ ಚಿತ್ರ ಇರುವ ಹಾಳೆಯೊಂದನ್ನು ಕೊಡುತ್ತಾರೆ. ಫಿಸಿಯೋಥೆರಪಿಸ್ಟ್ ಇರುವುದು ತಾಲೂಕು ಕೇಂದ್ರದಲ್ಲಿ. ಹೋಗಿ ಬರುವ ರಿಕ್ಷಾ ಬಾಡಿಗೆಯೇ ಅವರ ಫೀಸಿಗಿಂತ ಹೆಚ್ಚು. ನಾಲ್ಕು ದಿನ ವ್ಯಾಯಾಮ ನಡೆಯುತ್ತದೆ. ಐದನೇ ದಿನ ನೆಂಟರು ಕಿತ್ತಳೆ, ಹಾರ್ಲಿಕ್ಸ್ ಹಿಡಿದುಕೊಂಡು ಬರುತ್ತಾರೆ. "ಇನ್ನು ಏನೂ ತಲೆಬಿಸಿ ಮಾಡ್ಬೇಡಿ, ಒಳ್ಳೆ ರೆಸ್ಟ್ ತೆಗೊಳ್ಳಿ" ಎಂದು ಹೇಳಿ ಹೋಗುತ್ತಾರೆ. ಈ ರೆಸ್ಟ್ ಇದೆಯಲ್ಲ, ನನ್ನ ಅಭಿಪ್ರಾಯದಲ್ಲಿ ಮರದಿಂದ ಬಿದ್ದದ್ದಕ್ಕಿಂತ ದೊಡ್ಡ ಅಪಾಯ. ವೈದ್ಯರು ಬೇಡವೆಂದ ದಿನಗಳ ಮಾತು ಬೇರೆ. ಆದರೆ ಏಳಬಹುದು ಎಂದ ಮೇಲೂ ಮಲಗಿಸಿಯೇ ಇಟ್ಟರೆ ಮಾಂಸಖಂಡ ಕರಗುತ್ತದೆ, ಕೀಲು ಬಿಗಿಯುತ್ತದೆ, ಬೆನ್ನಿನಲ್ಲಿ ಹುಣ್ಣಾಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ. ಎಷ್ಟೋ ಮನೆಗಳಲ್ಲಿ ಪ್ರೀತಿಯಿಂದಲೇ ಮನುಷ್ಯನನ್ನು ಹಾಸಿಗೆಗೆ ಹೊಲಿದುಬಿಡುತ್ತಾರೆ.

ಎಣಿಕೆಯ ಲೆಕ್ಕ

ಪಕ್ಷವಾತದಲ್ಲಿ ಮೆದುಳಿನ ಒಂದು ಭಾಗ ಸಾಯುತ್ತದೆ. ಉಳಿದ ಭಾಗ ಆ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಕಲಿತುಕೊಳ್ಳಬಹುದು. ಕಲಿಯಬೇಕಾದರೆ ಅದೇ ಚಲನೆಯನ್ನು ಮತ್ತೆ ಮತ್ತೆ ಮಾಡಬೇಕು. ಹತ್ತು ಸಲ ಸಾಲದು, ನೂರಾರು ಸಲ ಬೇಕು. ಅಮೆರಿಕ ಮತ್ತು ಕೆನಡಾದ ಚಿಕಿತ್ಸಾ ಕೇಂದ್ರಗಳಲ್ಲಿ ಕುಳಿತು ಎಣಿಸಿದವರು 2009ರಲ್ಲಿ ಒಂದು ವರದಿ ಪ್ರಕಟಿಸಿದರು. ಪಕ್ಷವಾತದ ರೋಗಿ ಒಂದು ಸರದಿಯಲ್ಲಿ ಕೈಯಿಂದ ಉಪಯೋಗದ ಚಲನೆ ಮಾಡುತ್ತಿದ್ದದ್ದು ಸರಾಸರಿ 32 ಸಲ ಮಾತ್ರ. ಒಳ್ಳೆ ಉಪಕರಣ, ಕಲಿತ ಸಿಬ್ಬಂದಿ ಇದ್ದಲ್ಲಿಯೇ ಇಷ್ಟು. ನಮ್ಮ ಜಗಲಿಯಲ್ಲಿ ಎಷ್ಟಾದೀತು, ನೀವೇ ಲೆಕ್ಕ ಹಾಕಿ.

ಕಾರಣ ಸೋಮಾರಿತನ ಅಲ್ಲ. ಬೋಳು ಗೋಡೆ ನೋಡುತ್ತಾ ಕೈ ಎತ್ತು, ಇಳಿಸು ಎಂದರೆ ಆರೋಗ್ಯವಂತನಿಗೂ ಐದು ನಿಮಿಷದಲ್ಲಿ ಬೇಸರ ಬರುತ್ತದೆ. ನೋವಿರುವವನಿಗೆ ಕೇಳಬೇಕೇ? ನಾಯಿ ಒಳಗೆ ಬರುವುದು ಇಲ್ಲಿ.

ನಾಯಿಯ ಮೈಗೆ ಬ್ರಷ್ ಹಾಕುವ ಕೆಲಸ ತೆಗೆದುಕೊಳ್ಳಿ. ಬಲ ಇಲ್ಲದ ಕೈಯಲ್ಲಿ ಬ್ರಷ್ ಹಿಡಿಯಬೇಕು, ಭುಜ ಎತ್ತಿ ಕೈ ಚಾಚಬೇಕು, ಕುತ್ತಿಗೆಯಿಂದ ಬಾಲದವರೆಗೆ ಎಳೆಯಬೇಕು. ಹೀಗೆ ಐವತ್ತು ಸಲ ಆದದ್ದು ಗೊತ್ತೇ ಆಗುವುದಿಲ್ಲ, ನಾಯಿಯೂ ಬೇಡ ಎನ್ನುವುದಿಲ್ಲ. ಕುತ್ತಿಗೆ ಪಟ್ಟಿಯ ಕೊಕ್ಕೆ ಹಾಕಿ ತೆಗೆಯುವುದು ಬೆರಳಿಗೆ ವ್ಯಾಯಾಮ. ಚೆಂಡು ಎಸೆಯುವಾಗ ಹಿಡಿದದ್ದನ್ನು ಬಿಡುವ ಅಭ್ಯಾಸವಾಗುತ್ತದೆ. ಪಕ್ಷವಾತದವರಿಗೆ ಹಿಡಿಯುವುದಕ್ಕಿಂತ ಬಿಡುವುದೇ ಕಷ್ಟ ಎಂಬುದು ನೋಡಿದವರಿಗೆ ಗೊತ್ತು. ನಾಲಿಗೆ ತೊದಲುವವರು 'ಬಾ', 'ಕೂರು' ಎಂದು ಹೇಳಬೇಕಾಗುತ್ತದೆ. ತೊದಲಿದರೆ ಮನುಷ್ಯರು ವಾಕ್ಯ ತಾವೇ ಪೂರ್ತಿ ಮಾಡುತ್ತಾರೆ, ಇಲ್ಲವೇ ಮುಖ ತಿರುಗಿಸುತ್ತಾರೆ. ನಾಯಿ ಕಾಯುತ್ತದೆ.

ನಡಿಗೆಯ ಬಗ್ಗೆ ಒಂದು ಲೆಕ್ಕ ನನಗೆ ಬಹಳ ಹಿಡಿಸಿದೆ. ಇದು 2011ರಲ್ಲಿ ಅಮೆರಿಕದಿಂದ ಬಂದ ವರದಿ. ಹೃದಯ ದುರ್ಬಲವಾಗಿ ಆಸ್ಪತ್ರೆ ಸೇರಿದವರು, ಅಂದರೆ ಒತ್ತಡ ಇಳಿದ ಪಂಪ್‌ಸೆಟ್ಟಿನ ಹಾಗೆ ರಕ್ತ ತಳ್ಳಲಾಗದವರು, ದಿನಾ ಸ್ವಲ್ಪ ನಡೆಯಬೇಕು. ಹಿಂದಿನ 537 ರೋಗಿಗಳ ದಾಖಲೆ ನೋಡಿದರೆ ಶೇ. 28 ಮಂದಿ ನಡೆಯಲು ಒಪ್ಪಿರಲಿಲ್ಲ. ನಾಯಿಯ ಜೊತೆ ನಡೆಯುತ್ತೀರಾ ಎಂದು ಕೇಳಿದ ಮೇಲೆ ನಿರಾಕರಿಸಿದವರು ಶೇ. 7 ಚಿಲ್ಲರೆ ಮಾತ್ರ. ನಾಯಿಯ ಜೊತೆಗಿನ 69 ಮಂದಿಯಲ್ಲಿ 13 ಮಂದಿ ಮೊದಲು ಆಗುವುದಿಲ್ಲ ಎಂದವರು, ನಾಯಿ ಇದೆ ಎಂದು ಗೊತ್ತಾದ ಮೇಲೆ ಎದ್ದವರು. ಹೆಜ್ಜೆಯ ಲೆಕ್ಕ ಹೀಗಿದೆ: ನಾಯಿ ಇಲ್ಲದ ಹಿಂದಿನ ರೋಗಿಗಳು ಸರಾಸರಿ 120, ನಾಯಿ ಇದ್ದವರು 235. ಹತ್ತಿರ ಹತ್ತಿರ ಇಮ್ಮಡಿ.

ಇದನ್ನು ಓದಿ ಕುಣಿಯಬೇಕಾಗಿಲ್ಲ. ಅದು ಸಣ್ಣ ಅಧ್ಯಯನ, ಹೋಲಿಸಿದ್ದು ಹಳೆ ದಾಖಲೆಯ ಜೊತೆ. ನಾವು ಒಂದು ಸಾಲು ಅಡಿಕೆಗೆ ಗೊಬ್ಬರ ಹಾಕಿ ಹೋದ ವರ್ಷದ ಫಸಲಿಗೆ ಹೋಲಿಸಿದ ಹಾಗೆ. ಮಳೆ ಚೆನ್ನಾಗಿ ಬಂದದ್ದೂ ಕಾರಣ ಇರಬಹುದು. ನಾಯಿ ನರ ಜೋಡಿಸುವುದಿಲ್ಲ, ಮುರಿದ ಎಲುಬು ಕೂಡಿಸುವುದಿಲ್ಲ. ಏಳಲು ಮನಸ್ಸಿಲ್ಲದವನಿಗೆ ಏಳಲು ಒಂದು ನೆಪ ಕೊಡುತ್ತದೆ, ಅಷ್ಟೆ. ಅಷ್ಟೇ ಬೇಕಾಗಿದ್ದದ್ದು.

ಯುದ್ಧಕಾಲದ ಒಂದು ತೋಟ

ಇದು ಇತ್ತೀಚಿನ ಫ್ಯಾಷನ್ ಅಲ್ಲ. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ನ್ಯೂಗಿನಿಯ ಕಾಡಿನಲ್ಲಿ ಒಂದು ಪುಟ್ಟ ನಾಯಿ ಅಮೆರಿಕದ ಸೈನಿಕರಿಗೆ ಸಿಕ್ಕಿತು. ಎರಡು ಕೆ.ಜಿ. ತೂಗದ ಯಾರ್ಕ್‌ಶೈರ್ ಟೆರಿಯರ್. ಹೆಸರು ಸ್ಮೋಕಿ. ಅದನ್ನು ಸಾಕಿದ ಬಿಲ್ ವಿನ್ ಎಂಬವರಿಗೆ ಡೆಂಗಿ ಜ್ವರ ಬಂದು ಆಸ್ಪತ್ರೆ ಸೇರಿದಾಗ ಗೆಳೆಯರು ನಾಯಿಯನ್ನು ಅಲ್ಲಿಗೆ ತಂದರು. ದಾದಿಯರು ಅದನ್ನು ಗಾಯಾಳುಗಳ ಮಂಚದಿಂದ ಮಂಚಕ್ಕೆ ಒಯ್ಯತೊಡಗಿದರು. ಮೊದಲ ಶುಶ್ರೂಷೆಯ ನಾಯಿ ಎಂದು ಹಲವರು ಅದನ್ನೇ ಹೇಳುತ್ತಾರೆ.

ನಮಗೆ ಇನ್ನೂ ಹತ್ತಿರದ್ದು ನ್ಯೂಯಾರ್ಕ್ ರಾಜ್ಯದ ಪಾಲಿಂಗ್ ಎಂಬ ಊರಿನ ಕತೆ. ಅದೇ 1944-45ರಲ್ಲಿ ಅಲ್ಲಿ ವಾಯುಪಡೆಯ ಗಾಯಾಳುಗಳು ಚೇತರಿಸಿಕೊಳ್ಳುವ ಕೇಂದ್ರವಿತ್ತು. ನಾಯಿಗಳಷ್ಟೇ ಅಲ್ಲ, ದನ, ಕುದುರೆ, ಹಂದಿ, ಕೋಳಿ ಎಲ್ಲ ಇದ್ದ ಕೃಷಿ ಕೆಲಸದಲ್ಲಿ ಸೈನಿಕರು ಕೈ ಹಾಕುತ್ತಿದ್ದರು. ಬಾಂಬು, ವಿಮಾನ ಎಂದು ಜೀವ ಹಿಡಿಯಷ್ಟು ಮಾಡಿಕೊಂಡವರಿಗೆ ಕೋಳಿಗೆ ಕಾಳು ಹಾಕುವುದೂ ಮದ್ದಿನ ಹಾಗೆ. ಫಲಿತಾಂಶ ಏನಾಯಿತು ಎಂದು ಅಲ್ಲಿ ಲೆಕ್ಕ ಬರೆದಿಡಲಿಲ್ಲ. ಅದೊಂದು ನಷ್ಟ. ನೆದರ್ಲ್ಯಾಂಡ್ಸಿನಲ್ಲಿ ಈ ಹಾದಿ ಮುಂದುವರಿದು, ರೋಗಿಗಳನ್ನು, ವೃದ್ಧರನ್ನು ಹಗಲು ಹೊತ್ತು ತೋಟಕ್ಕೆ ಕರೆಸಿ ಪ್ರಾಣಿಗಳ ಜೊತೆ ಕೆಲಸ ಕೊಡುವ ಸಾವಿರಕ್ಕೂ ಹೆಚ್ಚು ಕೃಷಿ ಮನೆಗಳು ಇವೆ. ಅಲ್ಲಿಯ ಕೃಷಿಕರಿಗೆ ಅದು ಹಾಲಿನ ಜೊತೆ ಇನ್ನೊಂದು ಆದಾಯ. ನಮ್ಮ ದೇಶದಲ್ಲೂ ಶುಶ್ರೂಷೆಯ ನಾಯಿಯ ಕೆಲಸ ಇಲ್ಲವೆಂದಲ್ಲ. ಮುಂಬಯಿಯ ಅನಿಮಲ್ ಏಂಜಲ್ಸ್ ಫೌಂಡೇಶನ್ ಎರಡು ದಶಕದಿಂದ ಮಾಡುತ್ತಿದೆ. ಆದರೆ ಇಂಥದ್ದು ಪೇಟೆಯ ಸಂಗತಿ. ನಮ್ಮ ಗುಡ್ಡ ಹತ್ತಿ ಯಾರೂ ನಾಯಿ ಹಿಡಿದುಕೊಂಡು ಬರುವುದಿಲ್ಲ. ನಮ್ಮದನ್ನು ನಾವೇ ನೋಡಿಕೊಳ್ಳಬೇಕು.

ನೋಡಿಕೊಂಡ ಒಂದು ಮನೆ ನನಗೆ ಗೊತ್ತು. ಹೆಸರು ಬೇಡ. ನಮ್ಮ ಸುತ್ತಿನ ತೋಟಗಳಿಗೆ ಇಪ್ಪತ್ತು ವರ್ಷ ಮದ್ದು ಬಿಟ್ಟ ಕೆಲಸಗಾರರು. ಒಂದು ಆಟಿ ತಿಂಗಳು ಮರದಿಂದ ಜಾರಿದರು. ಬೆನ್ನುಹುರಿಗೆ ಪೆಟ್ಟಾದರೂ ಪುಣ್ಯಕ್ಕೆ ಪೂರ್ತಿ ತುಂಡಾಗಿರಲಿಲ್ಲ. ಒಂದೂವರೆ ತಿಂಗಳ ಮೇಲೆ ಮನೆಗೆ ಬಂದರು. ನಾನು ನೋಡಲು ಹೋದಾಗ ಗೋಡೆ ಕಡೆ ಮುಖ ಹಾಕಿ ಮಲಗಿದ್ದರು. "ಕಾಲು ನನ್ನದಲ್ಲ ಅಣ್ಣ ಈಗ. ನನ್ನದಲ್ಲದ್ದನ್ನು ಎತ್ತುದು ಹೇಗೆ?" ಎಂದರು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಅವರ ನಾಯಿ ಬೊಳ್ಳು. ಜಾತಿ ಗೀತಿ ಏನಿಲ್ಲ, ಊರ ನಾಯಿ. ಅವರು ಮರದ ಮೇಲಿದ್ದರೆ ಬುಡದಲ್ಲಿ ಮಲಗುವುದು ಅದರ ಉದ್ಯೋಗ. ಮಂಚಕ್ಕೆ ಹಾರುತ್ತದೆ, ಹುಣ್ಣಾದರೆ ನಂಜಾಗುತ್ತದೆ ಎಂದು ಮನೆಯವರು ಬಚ್ಚಲಿನ ಹಿಂದೆ ಕಟ್ಟಿಹಾಕಿದ್ದರು. ಹದಿನೈದು ದಿನಕ್ಕೊಮ್ಮೆ ಪೇಟೆಯಿಂದ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ ಅದರ ಕೂಗು ಕೇಳಿ, ಯಾರ ನಾಯಿ ಎಂದು ವಿಚಾರಿಸಿದಳು. ಮೊದಲು ಲಸಿಕೆ ಹಾಕಿಸಿ, ಉಣುಗು ತೆಗೆದು ಸ್ನಾನ ಮಾಡಿಸಿ, ಆಮೇಲೆ ಹಗ್ಗ ಹಿಡಿದುಕೊಂಡೇ ಒಳಗೆ ತನ್ನಿ ಎಂದಳು.

ಮೊದಲ ಕೆಲಸ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುವುದು. ಮಗಳು ಒಂದು ಕಡೆ, ಹೆಂಡತಿ ಒಂದು ಕಡೆ. ನಾಯಿ ಎದುರಿಗೆ. ಕೈಯಲ್ಲಿ ದೋಸೆಯ ತುಂಡು. ಬಲಕ್ಕೆ ಬಾಗಿ ಒಂದು, ಎಡಕ್ಕೆ ಬಾಗಿ ಒಂದು. ಬೀಳದ ಹಾಗೆ ಬಾಗಿ ಮತ್ತೆ ನೆಟ್ಟಗಾಗುವುದು ಸೊಂಟಕ್ಕೆ ಎಷ್ಟು ಕಷ್ಟದ ಕೆಲಸ ಎಂದು ಅವರ ಬೆವರು ಹೇಳುತ್ತಿತ್ತು. ಆದರೆ ಸಾಕು ಎಂದು ಅವರು ಹೇಳಲಿಲ್ಲ. ದೋಸೆ ಮುಗಿದ ಮೇಲೆ ಹೆಂಡತಿಯೇ ಸಾಕು ಎಂದದ್ದು. ಕೆಲವು ವಾರದ ಮೇಲೆ ವಾಕರ್ ಹಿಡಿದು ನಿಂತರು. ನಾಯಿಯ ತಟ್ಟೆಯನ್ನು ಮೊದಲು ಬಾಗಿಲ ಬಳಿ, ಆಮೇಲೆ ಜಗಲಿಯಲ್ಲಿ, ಮತ್ತೆ ಜಗಲಿಯ ಕೊನೆಯಲ್ಲಿ ಇಟ್ಟರು. ಸಂಜೆಯ ಅನ್ನ ಹಾಕುವುದು ಅವರದೇ ಪಾಲಿನ ಕೆಲಸ, ಬೇರೆಯವರು ಹಾಕಬಾರದು ಎಂದು ಮನೆಯಲ್ಲಿ ತೀರ್ಮಾನವಾಯಿತು. ಈ ಪಾಲಿನ ಕೆಲಸ ಎಂಬ ಮಾತು ಮುಖ್ಯ. ಎರಡು ತಿಂಗಳಿಂದ ಎಲ್ಲರ ಕೈಯಿಂದ ಎಲ್ಲವನ್ನೂ ಪಡಕೊಂಡ ಮನುಷ್ಯನನ್ನು ಕಾದು ಕುಳಿತ ಒಂದು ಜೀವ ಸಿಕ್ಕಿತು.

ಈಗ ಅವರು ವಾಕರ್ ಹಿಡಿದು ಹಟ್ಟಿಯವರೆಗೆ ಹೋಗುತ್ತಾರೆ. ಮರ ಹತ್ತುವ ಮಾತಿಲ್ಲ. ನಾಯಿ ಇಲ್ಲದಿದ್ದರೂ ಇಷ್ಟು ಆಗುತ್ತಿತ್ತೇ ಎಂದು ಆ ಹುಡುಗಿಯನ್ನು ಕೇಳಿದೆ. "ಆಗ್ತಿತ್ತೋ ಏನೋ ಸರ್. ಆದ್ರೆ ನಾನು ಬಾರದ ಹದಿನಾಲ್ಕು ದಿನ ಇವರು ವ್ಯಾಯಾಮ ಮಾಡ್ತಿದ್ರು ಅಂತ ಗ್ಯಾರಂಟಿ ಇರ್ಲಿಲ್ಲ" ಎಂದಳು.

ಎಚ್ಚರಿಕೆ ಇಲ್ಲದೆ ಬೇಡ

ಇಲ್ಲಿಯವರೆಗೆ ಓದಿ ಯಾರಾದರೂ ಸರಪಳಿ ಬಿಚ್ಚಲು ಎದ್ದಿದ್ದರೆ ದಯವಿಟ್ಟು ಕೂರಿ. ನಾಯಿಯಿಂದ ಅಪಾಯವೂ ಇದೆ, ಅದನ್ನು ಸಣ್ಣದು ಮಾಡಿ ಹೇಳುವುದು ಸರಿಯಲ್ಲ.

ಮೊದಲನೆಯದು ಹುಚ್ಚುನಾಯಿ ರೋಗ. ಲೋಕದಲ್ಲಿ ರೇಬೀಸಿನಿಂದ ಸಾಯುವವರಲ್ಲಿ ಮೂರರಲ್ಲೊಂದು ಪಾಲು ಭಾರತದವರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆಸ್ಪತ್ರೆ, ಶಾಲೆ, ಬಸ್ ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆರವು ಮಾಡಲು ಹೇಳಿತು. ಆ ಆದೇಶದ ಬಗ್ಗೆ ವಾದ ಏನೇ ಇರಲಿ, ವಾರ್ಡಿನ ಮಂಚದಡಿ ಮಲಗುವ ಬೀದಿನಾಯಿಗೂ ಶುಶ್ರೂಷೆಯ ನಾಯಿಗೂ ಸಂಬಂಧವಿಲ್ಲ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ನಂತರ ಪಶುವೈದ್ಯರು ಹೇಳಿದಂತೆ ವರ್ಷ ವರ್ಷ. ನಮ್ಮ ಕಡೆ ಮಳೆಗಾಲದಲ್ಲಿ ಇಲಿಜ್ವರ ಇರುವುದರಿಂದ ಅದರ ಲಸಿಕೆಯನ್ನೂ ಕೇಳಿ ಹಾಕಿಸಿ. ನಾಯಿಯ ಮೂತ್ರದಿಂದಲೂ ಇಲಿಜ್ವರ ಹರಡಬಹುದು. ಜಂತುಹುಳದ ಮದ್ದು ತಪ್ಪಬಾರದು.

ಬೆನ್ನುಹುರಿ ಪೆಟ್ಟಾದವರ ವಿಷಯದಲ್ಲಿ ಇನ್ನೊಂದು ಮಾತು. ಅವರ ಕಾಲಿಗೆ ಸ್ಪರ್ಶಜ್ಞಾನ ಕಡಿಮೆ ಇರಬಹುದು, ಇಲ್ಲದೆಯೂ ಇರಬಹುದು. ನಾಯಿಯ ಉಗುರು ತಾಗಿ ಗೀರಿದರೂ ಅವರಿಗೆ ತಿಳಿಯದೆ ಹೋಗಬಹುದು. ಆದ್ದರಿಂದ ನಾಯಿಯ ಉಗುರು ಕತ್ತರಿಸಿರಬೇಕು, ಕಾಲಿಗೆ ದಪ್ಪ ಬಟ್ಟೆ ಇರಬೇಕು, ಮುಗಿದ ಮೇಲೆ ಮನೆಯವರು ಕಾಲನ್ನು ಕಣ್ಣಿನಿಂದ ನೋಡಿಯೇ ತಿಳಿಯಬೇಕು. ಗೀರು, ಕಚ್ಚಿದ ಗುರುತು ಕಂಡರೆ ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಮ್ಮದೇ ನಾಯಿ ಅಲ್ವಾ ಎಂಬ ಸಸಾರ ಬೇಡ. ಹಾಸಿಗೆ ಹುಣ್ಣು ಇದ್ದರೆ ನಾಯಿ ನೆಕ್ಕಬಾರದು. ಮೂತ್ರದ ನಳಿಗೆ ಇದ್ದರೆ ಅದು ನಾಯಿಗೆ ಆಟದ ಹಗ್ಗದ ಹಾಗೆ ಕಾಣುತ್ತದೆ. ಪಕ್ಷವಾತದ ನಂತರ ರಕ್ತ ತೆಳುವಾಗುವ ಮಾತ್ರೆ ತಿನ್ನುವವರಿಗೆ ಸಣ್ಣ ಗಾಯವೂ ಹೆಚ್ಚು ರಕ್ತ ಸುರಿಸುತ್ತದೆ.

ಕಾಲಿಗೆ ಸಿಕ್ಕಿ ಬೀಳುವುದು ಬೇರೆಯೇ. ಅಮೆರಿಕದ ಸರಕಾರಿ ಲೆಕ್ಕದಲ್ಲಿ ನಾಯಿ ಬೆಕ್ಕುಗಳ ದೆಸೆಯಿಂದ ಬಿದ್ದು ಗಾಯಗೊಳ್ಳುವವರು ವರ್ಷಕ್ಕೆ ಸುಮಾರು 86,000 ಎಂದು 2009ರಲ್ಲಿ ಪ್ರಕಟವಾಗಿತ್ತು. ಅದರಲ್ಲಿ ಹೆಚ್ಚಿನ ಪಾಲು ನಾಯಿಯದ್ದೇ. ವಾಕರ್ ಹಿಡಿದವರ ಕೈಗೆ ನಾಯಿಯ ಹಗ್ಗ ಕೊಡಬಾರದು. ಹಗ್ಗ ಇನ್ನೊಬ್ಬರ ಕೈಯಲ್ಲಿರಲಿ, ನಾಯಿ ಬಲವಾದ ಕಾಲಿನ ಬದಿಯಲ್ಲಿ ನಾಲ್ಕು ಅಡಿ ದೂರ ನಡೆಯಲಿ.

ಕಾವಲಿನ ನಾಯಿ, ಮಂಗ ಓಡಿಸುವ ನಾಯಿ ಈ ಕೆಲಸಕ್ಕೆ ಆಗದು. ಅದರ ಗುಣವೇ ಬೇರೆ. ಒಂದು ವರ್ಷದೊಳಗಿನ ಮರಿಯೂ ಬೇಡ. ರೋಗಿಗೆ ನಾಯಿ ಕಂಡರೆ ಹೆದರಿಕೆ, ಹೇಸಿಗೆ ಇದ್ದರೆ ಒತ್ತಾಯ ಖಂಡಿತ ಬೇಡ. ಅಂಥವರಿಗೆ ಕರು ಆದೀತು. ಕರುವಿಗೆ ಹುಲ್ಲು ನೀಡುವುದು, ಮೈ ತಿಕ್ಕುವುದು ಕೂಡ ಕೈಗೆ ಅದೇ ವ್ಯಾಯಾಮ. ನಾಯಿಗೂ ಸುಸ್ತಾಗುತ್ತದೆ. ಆಕಳಿಸಿ, ತುಟಿ ನೆಕ್ಕಿ, ಮುಖ ತಿರುಗಿಸಿದರೆ ಇವತ್ತಿಗೆ ಬಿಡಿ ಎಂದು ಅರ್ಥ. ಇಪ್ಪತ್ತು ನಿಮಿಷ ಧಾರಾಳ.

ನನ್ನ ಒತ್ತಾಯ ಒಂದೇ. ಸಾವಿರಾರು ರೂಪಾಯಿ ಕೊಟ್ಟು ಲ್ಯಾಬ್ರಡಾರ್ ತರಲು ಯಾರೂ ಹೊರಡಬೇಡಿ. ನಮ್ಮ ಸೆಕೆಗೆ ಅದರ ಆರೈಕೆಯೇ ಇನ್ನೊಂದು ಶುಶ್ರೂಷೆಯಾದೀತು. ಇದ್ದ ನಾಯಿಯನ್ನು ರೋಗಿ ಬಂದ ದಿನವೇ ಬಚ್ಚಲ ಹಿಂದೆ ಕಟ್ಟುವ ಮೊದಲು ಫಿಸಿಯೋಥೆರಪಿಸ್ಟರನ್ನು ಒಂದು ಮಾತು ಕೇಳಿ. ಯಾವ ಚಲನೆ ಬೇಕು, ಎಷ್ಟು ಸಲ, ಯಾವುದು ಮಾಡಲೇಬಾರದು ಎಂದು ಅವರು ಹೇಳಬೇಕು. ಅದನ್ನು ನಾಯಿಯ ಕೆಲಸಕ್ಕೆ ಹೊಂದಿಸುವುದು ನಮಗೆ ಬಿಟ್ಟದ್ದು.

ಹಾಲಿನ ಸೊಸೈಟಿಗಳಿಗೂ ಒಂದು ಮಾತು. ದನ ನೋಡಲು ಪಶುವೈದ್ಯರು ನಮ್ಮ ಊರಿಗೆ ಬರುತ್ತಾರೆ. ಮನುಷ್ಯರ ಕೈಕಾಲು ನೋಡುವವರು ಬರುವುದಿಲ್ಲ. ತಿಂಗಳಿಗೊಂದು ದಿನ ಸೊಸೈಟಿಯ ಕಟ್ಟಡದಲ್ಲಿ ಇಬ್ಬರನ್ನೂ ಕೂರಿಸಿದರೆ ಹೇಗೆ? ಒಬ್ಬರು ನಾಯಿಗೆ ಲಸಿಕೆ ಹಾಕಲಿ, ಇನ್ನೊಬ್ಬರು ಹಾಸಿಗೆ ಹಿಡಿದವರ ಮನೆಯವರಿಗೆ ವ್ಯಾಯಾಮ ಕಲಿಸಲಿ. ರೋಗಿ ಬರಬೇಕೆಂದಿಲ್ಲ, ಮನೆಯಲ್ಲಿ ಮಾಡಿಸುವವರು ಬಂದರೆ ಸಾಕು. ಬೋನಸ್ ಹಂಚುವ ಮೊದಲು ಇದಕ್ಕೆ ಸ್ವಲ್ಪ ತೆಗೆದಿಟ್ಟರೆ ಯಾವ ಸದಸ್ಯನೂ ಬೇಡ ಎನ್ನಲಾರ ಎಂದು ನನ್ನ ನಂಬಿಕೆ. ಮುಂದಿನ ಮಹಾಸಭೆಯಲ್ಲಿ ನಾನಂತೂ ಎದ್ದು ಕೇಳುವವನಿದ್ದೇನೆ.

ನಿಮ್ಮ ಮನೆಯಲ್ಲಿ ನಾಯಿ, ಕರು, ಆಡು, ಯಾವುದಾದರೂ ಪ್ರಾಣಿಯ ನೆಪದಲ್ಲಿ ಯಾರಾದರೂ ಎದ್ದು ಕೂತದ್ದಿದ್ದರೆ ಪತ್ರಿಕೆಗೆ ಬರೆಯಿರಿ. ಎಷ್ಟು ದಿನ, ಯಾವ ಕೆಲಸ, ಎಷ್ಟು ಸಲ ಎಂದು ಲೆಕ್ಕ ಸಮೇತ ಇರಲಿ. ಪ್ರಯೋಜನ ಆಗದಿದ್ದರೆ, ಬಿದ್ದು ಇನ್ನಷ್ಟು ಪೆಟ್ಟಾದದ್ದಿದ್ದರೆ, ಅದನ್ನೂ ಬರೆಯಿರಿ.